ಎಡ ಸೀಟಿನ ಮಾಸ್ತರರು

ನಾನು ಅವರನ್ನು ಹೆಚ್ಚಾಗಿ ನೋಡಿದ್ದು ಹಿಂದಿನಿಂದ. ಮುಖ ಹೇಗಿತ್ತು ಎಂದು ಯಾರಾದರೂ ಕೇಳಿದರೆ ತಡವರಿಸುತ್ತೇನೆ. ಕತ್ತು ಮಾತ್ರ ಚೆನ್ನಾಗಿ ನೆನಪಿದೆ: ಸಣ್ಣದು, ಬಿಸಿಲಿಗೆ ಕಂದಿದ್ದು, ಅಂಗಿಯ ಕಾಲರು ಕೊಳೆಯಾಗದಿರಲೆಂದು ಸುತ್ತಿದ ಕರವಸ್ತ್ರದ ಮೇಲೆ ಆಳವಾದ ಗೆರೆಗಳು. ಬಲಗಿವಿಯ ಕೆಳಗೆ ಒಂದು ಮಚ್ಚೆ ಇತ್ತು ಎಂದು ನಾನು ನಂಬಿದ್ದೇನೆ. ನನ್ನ ಜೊತೆ ಅವರ ಬಳಿ ಕಾರು ಕಲಿತ ಸುಜಾತಾ, ಮಚ್ಚೆ ಇರಲಿಲ್ಲ ಎನ್ನುತ್ತಾಳೆ. ಒಂದು ಮಚ್ಚೆಯ ವಿಷಯದಲ್ಲೇ ಇಬ್ಬರು ಒಪ್ಪದಿರುವಾಗ ಉಳಿದದ್ದನ್ನು ಬರೆಯುವ ಧೈರ್ಯ ನನಗೆ ಹೇಗೆ ಬಂತೋ ತಿಳಿಯದು. ಆದರೂ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ, ಹಾಕಲೇ ಎಂದು ಅವರ ಹೆಂಡತಿಯನ್ನು ಕೇಳಲು ನಾನು ಹೋಗಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ, ಮಾಜಿವಾಡಾದ ಹತ್ತಿರ ಒಂದು ಟೈರ್ ಅಂಗಡಿಯ ಮೇಲೆ ಅವರು ಕೆಲಸಕ್ಕಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡು ಇತ್ತು. ಸ್ಕೂಲು ಎಂದರೆ ಒಂದು ಮೇಜು, ಒಬ್ಬ ಸೇಠ್, ನೆತ್ತಿಯ ಮೇಲೆ ಕೆಂಪು 'ಎಲ್' ಹೊತ್ತ ಒಂದು ಬಿಳಿ ಪುಟ್ಟ ಕಾರು. ಬೆಳಗಿನ ತಂಡದಲ್ಲಿ ಇಬ್ಬರನ್ನು ಕೂರಿಸುತ್ತಿದ್ದರು. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದೆ ಕೂತು ಕಾಯಬೇಕು. ಸುಜಾತಾ ಬೇಗ ಕಲಿತಳು, ನಾನು ನಿಧಾನ. ಹಾಗಾಗಿ ಅವಳ ಪಾಲಿಗೆ ಸ್ಟೀರಿಂಗು ಹೆಚ್ಚು, ನನ್ನ ಪಾಲಿಗೆ ಅವರ ಕತ್ತು ಹೆಚ್ಚು.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿ ಬೇಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಕಾರು ಕೊಳ್ಳುವ ಶಕ್ತಿ ಇರಲಿಲ್ಲ. ಆದರೆ ಆ ವರ್ಷಗಳಲ್ಲಿ ನಮ್ಮಂಥವರಿಗೂ ಕಾರು ಎಂದರೆ ನಗುವ ಮಾತಾಗಿ ಉಳಿದಿರಲಿಲ್ಲ. ನಮ್ಮ ಬಿಲ್ಡಿಂಗಿನ ಗುಮಾಸ್ತರೊಬ್ಬರು ತಂದಿದ್ದರು. ಎದುರಿನ ಹಲ್ಲಿನ ಡಾಕ್ಟರು ತಂದಿದ್ದರು. ಎಲ್ಲರೂ ತಂದದ್ದು ಅದೇ ಜಪಾನಿನ ಪುಟ್ಟ ಕಾರು. ಕಂಪನಿಯ ಹೆಸರು ಎಲ್ಲರಿಗೂ ಗೊತ್ತು. ಮಾಸ್ತರರು ಮಾತ್ರ ಆ ಹೆಸರನ್ನು ಎಂದೂ ಹೇಳಲಿಲ್ಲ. "ಜಪಾನಿ" ಎನ್ನುತ್ತಿದ್ದರು, ಮನೆಯಲ್ಲಿ ಸೊಸೆಯನ್ನು ಅವಳ ತವರೂರಿನ ಹೆಸರಿನಿಂದ ಕರೆಯುವ ಹಾಗೆ.

ಅವರು ವಿಜಾಪುರ ಜಿಲ್ಲೆಯ ನೇಕಾರರ ಪೈಕಿ. ತಂದೆ ಭಿವಂಡಿಯ ಪವರ್‌ಲೂಮಿಗೆ ಬಂದವರು. ಮಗ್ಗದ ಸದ್ದಿಗೆ ಕಿವಿ ಕಳೆದುಕೊಂಡು ಅಲ್ಲೇ ತೀರಿಕೊಂಡವರು. ಮಗ ಲಾರಿ ಹತ್ತಿದರು, ಆಮೇಲೆ ಟ್ಯಾಕ್ಸಿ, ಆಮೇಲೆ ಈ ಸ್ಕೂಲು. ಮೊದಲ ದಿನ ನಾನು ಕನ್ನಡದಲ್ಲಿ ಮಾತಾಡಿದಾಗ ಅವರಿಗೆ ಸಂತೋಷವೇನೂ ಆಗಲಿಲ್ಲ. "ಕನ್ನಡದಾಗ ಬೈಸ್ಕೋಬೇಕಾಗತೈತಿ ನೋಡ್ರಿ ಇನ್ನ. ಹಿಂದಿಯೊಳಗ ನನ್ನ ಬೈಗಳ ಸೌಮ್ಯ ಇರತಾವ" ಎಂದರು.

ಬೈಯುತ್ತಿದ್ದರು. "ತಾಯಿ, ಕ್ಲಚ್ ಅಂದ್ರ ಬಾಗಲಾ ಅಲ್ಲ, ಒದೀಬ್ಯಾಡ್ರಿ." "ಗೇರ್ ನಿಮ್ಮ ಆಫೀಸಿನ ಫೈಲ್ ಅಲ್ರಿ, ಎಳದು ಇಟಗೊಂಡು ಕುಂದ್ರಾಕ." ಕಾರು ಹತ್ತುವ ಮೊದಲು ಚಪ್ಪಲಿ ಬಿಟ್ಟು ಅವನ್ನು ಸೀಟಿನ ಕೆಳಗೆ ಇಡುತ್ತಿದ್ದರು. ಎದುರಿನ ಗಾಜನ್ನು ಹಳೆಯ ಸೀರೆಯ ತುಂಡಿನಿಂದ ಒರೆಸುತ್ತಿದ್ದರು, ನಮ್ಮನ್ನು ಮುಟ್ಟಲು ಬಿಡುತ್ತಿರಲಿಲ್ಲ. ದೊಡ್ಡ ಮನುಷ್ಯರಾಗಿರಲಿಲ್ಲ. ತಂಬಾಕು ಹಾಕುತ್ತಿದ್ದರು, ನಿಧಾನ ಕಲಿಯುವವರನ್ನು ಅಣಕಿಸುತ್ತಿದ್ದರು. ರಸ್ತೆಯಲ್ಲಿ ಕೈಗಾಡಿ ಎಳೆಯುವವರನ್ನು ಕಂಡರೆ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ನಾನು ಇಲ್ಲಿ ಬರೆಯಲಾರದ ಮಾತುಗಳನ್ನು ಆಡುತ್ತಿದ್ದರು. ಆ ಕೈಗಾಡಿಯವರಲ್ಲಿ ಅರ್ಧ ಜನ ಗುಲ್ಬರ್ಗಾ, ರಾಯಚೂರು ಕಡೆಯವರು. ಅವರಿಗೆ ಬೈಗುಳ ಪೂರ್ತಿ ಅರ್ಥವಾಗುತ್ತಿತ್ತು.

ಕಾರಿನ ಇತಿಹಾಸ ಅವರಿಗೆ ಬಾಯಿಪಾಠ. ಎಲ್ಲಿಂದ ಕಲಿತರೋ ಗೊತ್ತಿಲ್ಲ. ಇತಿಹಾಸ ಓದಿದ ನಾನು ಮುಂದೆ ಗ್ರಂಥಾಲಯದಲ್ಲಿ ಹುಡುಕಿ ನೋಡಿದೆ. ಅರ್ಧ ನಿಜ, ಅರ್ಧ ಅವರದೇ. ಆ ಕಂಪನಿ ಕಾರಿಗಿಂತ ಮುಂಚೆ ಮಗ್ಗ ಮಾಡುತ್ತಿತ್ತು ಎಂಬುದು ನಿಜ. ಯುದ್ಧದ ನಂತರ ಬಟ್ಟೆಯ ವ್ಯಾಪಾರ ಕುಸಿದಾಗ ಸೈಕಲ್ಲಿಗೆ ಪುಟ್ಟ ಎಂಜಿನ್ ಕಟ್ಟಿ ಮಾರಿದ್ದು, ಅಲ್ಲಿಂದ ಪುಟ್ಟ ಕಾರಿಗೆ ಬಂದದ್ದು, ಜಪಾನಿನ ಸರಕಾರ ಸಣ್ಣ ಎಂಜಿನ್ನಿನ ಕಾರುಗಳಿಗೆ ರಿಯಾಯಿತಿ ಕೊಟ್ಟದ್ದು, ಇವೂ ನಿಜ. ಮಗ್ಗದ ಯಜಮಾನನ ಹೆಂಡತಿ ಪೇಟೆಗೆ ಸೈಕಲ್ ತುಳಿದು ದಣಿಯುವುದನ್ನು ನೋಡಲಾರದೆ ಅವನು ಎಂಜಿನ್ ಕಟ್ಟಿದ ಎಂಬ ಕಥೆ ಮಾತ್ರ ಜಪಾನಿನದೇ ಬೇರೊಂದು ಕಂಪನಿಯದು. ಅದನ್ನು ಅವರಿಗೆ ನಾನು ಹೇಳಲಿಲ್ಲ. ಹೇಳುವ ಹೊತ್ತಿಗೆ ಕಾರಿನ ಮಾತು ಆಡುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

"ಕೇಳ್ರಿ ಇದನ" ಎಂದು ಅವರು ಕಾರನ್ನು ನಿಲ್ಲಿಸಿ, ಎಂಜಿನ್ ಮಾತ್ರ ಚಾಲೂ ಇಟ್ಟು ಬೆರಳೆತ್ತುತ್ತಿದ್ದರು. ಮೂರೇ ಸಿಲಿಂಡರಿನ ಎಂಜಿನ್. ಸ್ವಲ್ಪ ಕುಂಟುತ್ತಾ ಟಕಟಕ ಎನ್ನುತ್ತಿತ್ತು. "ಮಗ್ಗ ಅಲ್ಲೇನು ಇದು? ನಮ್ಮವರs ಮಾಡ್ಯಾರ. ನೇಕಾರರ ಗಾಡಿ ಇದು."

"ಜಪಾನಿನಲ್ಲಿ ನಿಮ್ಮವರು ಉಂಟಾ ಮಾಸ್ಟ್ರೇ?" ಎಂದಳು ಸುಜಾತಾ.

"ಮಗ್ಗ ಇದ್ದಲ್ಲೆಲ್ಲಾ ನಮ್ಮವರs."

ಹಳೆಯ ಕಾರುಗಳನ್ನು ಓಡಿಸಿದ ಕೈ ಅವರದು. ಈ ಕಾರು ಬರುವ ಮುಂಚೆ ದೇಶದಲ್ಲಿ ಇದ್ದ ಒಂದೆರಡು ಬಗೆಯ ಭಾರದ ಕಾರುಗಳಿಗೆ ವರ್ಷಗಟ್ಟಲೆ ಕಾಯಬೇಕಿತ್ತು. "ಆ ಗಾಡಿ ತಿರಗಿಸಬೇಕಂದ್ರ ಅರ್ಜಿ ಕೊಡಬೇಕ್ರಿ, ನಿಮ್ಮ ಬೇಲಾಪುರ ಆಫೀಸಿಗೆ ಕೊಟ್ಟಂಗ. ಸ್ಟೀರಿಂಗ್ ತಿರಗಸೂದು, ಕಾಯೂದು. ಸ್ಯಾಂಕ್ಷನ್ ಆದ ಮ್ಯಾಲ ಗಾಡಿ ತಿರಗತಿತ್ತು. ಇದು ಹಂಗಲ್ಲ. ಇದು ನಿಮ್ಮ ಮನಸ್ಸಿನ್ಯಾಗ ಬಂದದ್ದು ಕೇಳತೈತಿ." ಅದು ನಿಜವಾಗಿತ್ತು. ಎರಡನೇ ವಾರ ನಾನು ಮೊದಲ ಸಲ ಘೋಡಬಂದರ್ ರಸ್ತೆಯ ಒಂದು ತಿರುವನ್ನು ಸರಿಯಾಗಿ ತೆಗೆದುಕೊಂಡಾಗ ಆ ತಗಡಿನ ಡಬ್ಬಿ ನನ್ನ ಜೊತೆಗೇ ವಾಲಿ ನೆಟ್ಟಗಾಯಿತು. ನಗು ಬಂತು. ಹಾಗೆ ನಗಬಹುದು ಎಂದು ನನಗೆ ಗೊತ್ತಿರಲಿಲ್ಲ. ಡಬ್ಬಿ ಎಂಬ ಮಾತನ್ನು ಅವರ ಎದುರು ಆಡುವಂತಿರಲಿಲ್ಲ. ಗಾಳಿಗೆ ಹಾರುತ್ತದೆ, ಬ್ರೇಕು ನಿಲ್ಲುವುದಿಲ್ಲ ಎಂದು ಜನ ಆಗ ಹೇಳುತ್ತಿದ್ದರು. ಅವರು ಪ್ರತಿ ಹೊಸ ವಿದ್ಯಾರ್ಥಿಯನ್ನೂ ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಓಡಿಸಿ, ಜೋರಾಗಿ ಬ್ರೇಕು ಒತ್ತಿ ನಿಲ್ಲಿಸಿ ಕೇಳುತ್ತಿದ್ದರು: "ನಿಂತಿತಿಲ್ಲೋ?" ನಿಂತಿತು ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ ಪಾಠ ಶುರು.

ಈಗ ಅವರ ಕಾಲಿನ ವಿಷಯ ಹೇಳಬೇಕು. ಸ್ಕೂಲಿನ ಕಾರಿನಲ್ಲಿ ಎಡ ಸೀಟಿನ ಮುಂದೆಯೂ ಕ್ಲಚ್ಚು, ಬ್ರೇಕು ಇರುತ್ತವೆ. ಎರಡೂ ಕಡೆಯ ಪೆಡಲುಗಳನ್ನು ಒಂದು ಸರಳು ಜೋಡಿಸಿರುತ್ತದೆ; ಮಾಸ್ತರು ಅಲ್ಲಿ ಒತ್ತಿದರೆ ಇಲ್ಲಿ ಕಲಿಯುವವರ ಪೆಡಲೂ ತಾನಾಗಿ ಕೆಳಗೆ ಹೋಗುತ್ತದೆ. ಬೇರೆ ಸ್ಕೂಲುಗಳಲ್ಲಿ ತಿಂಗಳಿಡೀ ಮಾಸ್ತರೇ ಕಾಲಿನಿಂದ ಓಡಿಸುತ್ತಿದ್ದರು, ಕಲಿಯುವವರು ಸ್ಟೀರಿಂಗು ಹಿಡಿದು ತಾವೇ ಓಡಿಸಿದೆವೆಂದು ತಿಳಿಯುತ್ತಿದ್ದರು. ಇವರಿಗೆ ಅದು ಮೋಸ. ಒಬ್ಬರು ತಯಾರಾಗಿದ್ದಾರೆ ಎನಿಸಿದ ದಿನ ಇವರು ಏನೂ ಹೇಳದೆ ಎರಡೂ ಕಾಲುಗಳನ್ನು ಮೇಲೆತ್ತಿ ಆ ಸಣ್ಣ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. "ಇನ್ನ ನಾ ಇಲ್ಲ. ನೀವs" ಎನ್ನುತ್ತಿದ್ದರು. ಕಲಿಯುವವರ ಬೆನ್ನು ಆಗ ನೆಟ್ಟಗಾಗುತ್ತಿತ್ತು. ಠಾಣೆ ಊರಿನಲ್ಲಿ ಜನ ಈ ಸ್ಕೂಲಿಗೆ ಬರುತ್ತಿದ್ದದ್ದೇ ಅದಕ್ಕಾಗಿ: ಇಲ್ಲಿ ಮಾಸ್ತರು ಕಾಲು ಎತ್ತುತ್ತಾರಂತೆ, ಇಲ್ಲಿ ಕಲಿತವರಿಗೆ ನಿಜವಾಗಿ ಬರುತ್ತದಂತೆ. ನನಗೆ ಅವರು ಒಂದು ಸಲವೂ ಕಾಲು ಎತ್ತಲಿಲ್ಲ.

ಸುಜಾತಾಳಿಗೆ ಎತ್ತಿದರು.

ಅವಳ ಗಂಡ ಭಟ್ಟರಿಗೆ ಅಲ್ಲೇ ಹತ್ತಿರ ಶಾಕಾಹಾರಿ ಹೋಟೆಲು. ಕಲ್ಯಾಣದ ಮಾರ್ಕೆಟ್ಟಿನಿಂದ ತರಕಾರಿ ತರಲೆಂದು ಅದೇ ಜಪಾನಿಯನ್ನು ಕೊಂಡು, ಓಡಿಸಲು ಪುರುಸೊತ್ತಿಲ್ಲದೆ, ಹೆಂಡತಿಯನ್ನು ಕಲಿಯಲು ಕಳಿಸಿದ್ದರು. ಎರಡು ಮಕ್ಕಳ ತಾಯಿ. ಹೋಟೆಲಿನ ಮಾಳಿಗೆಯಲ್ಲಿ ಅತ್ತೆಯ ಜೊತೆ ದಿನ ಕಳೆಯುತ್ತಿದ್ದವಳು. ಆ ಬೆಳಗ್ಗೆ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಅವಳು ಮೂರನೇ ಗೇರಿಗೆ ಹಾಕಿದಾಗ ಮಾಸ್ತರರು ಕಾಲು ಮಡಿಚಿ ಕೂತರು. "ಓಡಸ್ರಿ" ಎಂದರು. ಅವಳು ನಗುತ್ತಿದ್ದಳು. ಇಷ್ಟನ್ನು ನಾನು ಕಂಡಿದ್ದೇನೆ.

ಆಮೇಲಿನದನ್ನು ಕಂಡಿಲ್ಲ. ಎಡಕ್ಕೆ ಸಾಲಾಗಿ ನಿಂತ ಲಾರಿಗಳ ಹಿಂಭಾಗದ ಚಿತ್ರಗಳನ್ನು ನೋಡುತ್ತಿದ್ದೆ. ಎರಡು ಲಾರಿಗಳ ನಡುವಿನಿಂದ ಒಂದು ಕೈಗಾಡಿ ಹೊರಗೆ ಬಂತು. ಅದರ ಮುಂದೆ, ಎಳೆಯುತ್ತಾ, ಒಬ್ಬ ಮನುಷ್ಯ. ಸದ್ದು ಕೇಳಿತು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಕಾರು ನಿಂತಿತ್ತು. ಗಾಜಿನ ಮುಂದೆ ಯಾರೂ ಇರಲಿಲ್ಲ.

ಮಾಸ್ತರರು ಬರಿಗಾಲಿನಲ್ಲಿ ಇಳಿದು ಓಡಿದರು. ಬಿದ್ದವನು ಏನೋ ಅಂದ, ಕನ್ನಡದಲ್ಲಿ ಅಂದ. "ನೀರು" ಎಂದಿರಬೇಕು. ಇಬ್ಬರು ಲಾರಿಯವರು ಹಿಡಿದು ಅವನನ್ನು ಹಿಂದಿನ ಸೀಟಿಗೆ ತಂದರು. ಸುಜಾತಾಳನ್ನು ಮಾಸ್ತರರು ತೋಳು ಹಿಡಿದು ಎಡ ಸೀಟಿಗೆ ಕಳಿಸಿ ತಾವು ಸ್ಟೀರಿಂಗಿಗೆ ಬಂದರು. ಅವನ ತಲೆ ನನ್ನ ಮಡಿಲಲ್ಲಿ ಇತ್ತು. ಸಿವಿಲ್ ಆಸ್ಪತ್ರೆಯವರೆಗೂ ಅವರು ಹಿಂದೆ ತಿರುಗದೆ ಕೇಳುತ್ತಲೇ ಇದ್ದರು.

"ಯಾ ಊರಪಾ ನಿಂದು?"

"ಆಳಂದ."

"ಆಳಂದ ಊರಾಗ ಏನು, ಹಳ್ಯಾಗೇನು? ಮಾತಾಡು. ಮಲಗಬ್ಯಾಡ. ಮನ್ಯಾಗ ಯಾರದಾರ?"

ಅವನು ಹೆಂಡತಿಯ ಹೆಸರು ಹೇಳಿದ. ಮತ್ತೆ ಊರಿನ ಹೆಸರು ಹೇಳಿದ. ಆಮೇಲೆ ಅವರು ಕೇಳುತ್ತಿದ್ದರು, ಅವನು ಹೇಳುತ್ತಿರಲಿಲ್ಲ.

ಬೆಳಗಿನ ಆ ಗದ್ದಲದಲ್ಲಿ, ಬಸ್ಸು ರಿಕ್ಷಾಗಳ ನಡುವೆ, ಒಂದು ಸಲವೂ ಜರ್ಕು ಇಲ್ಲದೆ, ನನ್ನ ಮಡಿಲಿನ ತಲೆ ಅಲುಗದ ಹಾಗೆ ಅವರು ಆ ಕಾರನ್ನು ಒಯ್ದರು. ಅಷ್ಟು ಚೆನ್ನಾಗಿ ಓಡಿದ ಕಾರಿನಲ್ಲಿ ನಾನು ಮತ್ತೆ ಕೂತಿಲ್ಲ. ಅಂಥ ಹೊತ್ತಿನಲ್ಲಿ ಅದನ್ನು ಗಮನಿಸಿದ್ದು ಯಾಕೆ, ಅಥವಾ ಆಮೇಲೆ ಸೇರಿಸಿಕೊಂಡದ್ದೇ, ಹೇಳಲಾರೆ. ಅವರು ಕಾರು ಓಡಿಸಿದ್ದು ಅದೇ ಕೊನೆ.

ಮಧ್ಯಾಹ್ನದ ಹೊತ್ತಿಗೆ ಕಾರು ಪೊಲೀಸ್ ಠಾಣೆಯ ಅಂಗಳದಲ್ಲಿ ಇತ್ತು. ಆ ಮನುಷ್ಯ ತೀರಿಕೊಂಡಿದ್ದ. ಸಾಯಂಕಾಲ ಆರ್.ಟಿ.ಓ. ಇನ್ಸ್‌ಪೆಕ್ಟರು ಬಂದು ಬ್ರೇಕು ಪರೀಕ್ಷಿಸುವವರಿದ್ದರು. ಅಪಘಾತವಾದ ಗಾಡಿಗೆಲ್ಲ ಅದು ಆಗಲೇಬೇಕಾದದ್ದು. ಅದಕ್ಕೆ ಮೊದಲು ಸೇಠ್ ಬಂದರು, ಭಟ್ಟರೂ ಬಂದರು. ನಾನು ಹೇಳಿಕೆ ಕೊಡಲು ಬೆಂಚಿನ ಮೇಲೆ ಕೂತಿದ್ದೆ. ಸೇಠ್ ಪ್ಯಾಂಟಿನ ಜೇಬಿನಿಂದ ನಟ್ಟು ತಿರುಗಿಸುವ ಒಂದು ಪಾನಾ ತೆಗೆದು ಮಾಸ್ತರರ ಕಡೆ ಚಾಚಿದರು.

"ಪೈಪ್ ಕಾ ನಟ್ ಥೋಡಾ ಢೀಲಾ ಕರ್ ದೇ. ತೇಲ್ ಗಿರೇಗಾ. ಬ್ರೇಕ್ ಫೇಲ್. ಬಾತ್ ಖತಮ್." ಪೈಪಿನ ನಟ್ಟು ಸಡಿಲಿಸು, ಎಣ್ಣೆ ಸೋರಿ ಬ್ರೇಕು ಫೇಲಾಯಿತು ಎನ್ನಬಹುದು, ಮಾತು ಮುಗಿಯಿತು.

ಮಾಸ್ತರರು ಪಾನಾ ತೆಗೆದುಕೊಳ್ಳಲಿಲ್ಲ. "ಬ್ರೇಕ್ ಬರಾಬರ್ ಹೈ ಸೇಠ್. ಇಸೀ ಗಾಡಿ ಮೇಂ ಹಸ್ಪತಾಲ್ ಗಯಾ ಮೈಂ." ಬ್ರೇಕು ಸರಿಯಿದೆ, ಇದೇ ಗಾಡಿಯಲ್ಲಿ ಆಸ್ಪತ್ರೆಗೆ ಹೋದೆ.

"ತೋ ಹಸ್ಪತಾಲ್ ಪಹುಂಚ್‌ ಕೇ ಫೇಲ್ ಹುವಾ."

ಹಾಗಾದರೆ ಆಸ್ಪತ್ರೆ ತಲುಪಿದ ಮೇಲೆ ಫೇಲಾಯಿತು ಎನ್ನು, ಎಂದು. ಸೇಠ್ ಕೆಟ್ಟವರಲ್ಲ, ಹೀಗೆಯೇ ಮಾಡುವುದು ವಾಡಿಕೆ. ಪೇಪರಿನಲ್ಲಿ ದಿನವೂ ಬರುತ್ತಿತ್ತು: ಬ್ರೇಕ್ ಫೇಲಾಗಿ ಲಾರಿ, ಬ್ರೇಕ್ ಫೇಲಾಗಿ ಬಸ್ಸು. ಬ್ರೇಕು ಫೇಲಾದರೆ ಓಡಿಸುತ್ತಿದ್ದ ಸುಜಾತಾ ಉಳಿಯುತ್ತಾಳೆ, ಕಲಿಸುತ್ತಿದ್ದ ಮಾಸ್ತರರು ಉಳಿಯುತ್ತಾರೆ, ಸ್ಕೂಲು ಉಳಿಯುತ್ತದೆ. ಕಾರು ತಪ್ಪಿತಸ್ಥ. ಕಾರನ್ನು ಯಾರೂ ಜೈಲಿಗೆ ಹಾಕುವುದಿಲ್ಲ.

ಭಟ್ಟರು ಕೈ ಜೋಡಿಸಿಯೇ ಹೇಳಿದರು. "ಮಾರಾಯ್ರೆ, ಒಂದು ನಟ್ಟು. ಯಾರಿಗೆ ಎಂತ ನಷ್ಟ ಉಂಟು ಹೇಳಿ. ನನ್ನ ಹೆಂಡತಿ ಊಟ ಬಿಟ್ಟು ಕೂತಿದ್ದಾಳೆ. ನಿಮಗೂ ಸಂಸಾರ ಉಂಟು. ಗಾಡಿಗೆ ಜೀವ ಉಂಟಾ?"

"ಗಾಡಿಗಿಲ್ರಿ. ಸತ್ತಾಂವಗ ಇತ್ತು."

"ಅದಕ್ಕೇ ಹೇಳುದು. ಹೋದವ ಹೋದ."

"ಭಟ್ರ, ನಾ ಇಷ್ಟ ವರ್ಷ ಹೇಳಕೋತ ಬಂದೀನಿ, ಈ ಗಾಡಿ ನಿಲ್ಲತೈತಿ ಅಂತ. ಒಬ್ಬೊಬ್ಬರ ಬಾಯಾಗ ಹೇಳಿಸೀನಿ. ಈಗ ನಿಲ್ಲಲಿಲ್ಲ ಅಂತ ನಾನs ಹೇಳ್ಲೇನು? ಗಾಡಿ ತಪ್ಪು ಮಾಡಿಲ್ಲ. ಅವ್ವಾರೂ ತಪ್ಪು ಮಾಡಿಲ್ಲ, ಅವರು ಕಲಿಯೋರು. ನನ್ನ ಕಾಲು ಮ್ಯಾಲಿದ್ದವು."

ಸೇಠ್ ಪಾನಾವನ್ನು ಬಾನೆಟ್ಟಿನ ಮೇಲೆ ಇಟ್ಟು ಹೋದರು, ಮನಸ್ಸು ಬದಲಾದರೆ ಕೈಗೆ ಸಿಗಲಿ ಎಂದು. ಇನ್ಸ್‌ಪೆಕ್ಟರು ಬರುವವರೆಗೂ ಅದು ಅಲ್ಲೇ ಇತ್ತು. ಮಾಸ್ತರರು ಕಾರಿನ ನೆರಳಿನಲ್ಲಿ ಕೂತಿದ್ದರು. ಒಂದು ಸಲ ಎದ್ದು ಅದನ್ನು ಕೈಗೆತ್ತಿಕೊಂಡರು. ಮಾಡಿಬಿಡಲಿ ಎಂದು ಬಯಸಿದೆನೋ ಮಾಡದಿರಲಿ ಎಂದೋ, ಇವತ್ತಿಗೂ ಗೊತ್ತಿಲ್ಲ. ಅವರು ಅದರಿಂದ ಬೆನ್ನು ತುರಿಸಿಕೊಂಡು ಮತ್ತೆ ಇಟ್ಟರು.

ಅದು ನಿಷ್ಠೆಯೋ ಜಂಬವೋ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಂದು ಯಂತ್ರದ ಹೆಸರು ಕೆಡದಿರಲೆಂದು ಒಬ್ಬ ಮನುಷ್ಯ ತನ್ನ ಅನ್ನ ಬಿಡುತ್ತಾನೆಯೇ? ಅಥವಾ ಸತ್ತವನು ಆಳಂದದವನಾಗಿರದೆ, ದಾರಿಯುದ್ದಕ್ಕೂ ಮಾತಾಡದೆ ಇದ್ದಿದ್ದರೆ, ನಟ್ಟು ಸಡಿಲವಾಗುತ್ತಿತ್ತೇ? ಹೇಳಿಕೆ ಕೊಡುವ ನನ್ನ ಸರದಿ ಬಂದಾಗ, ಶುರುವಿನಲ್ಲಿ ಅವರ ಕಾಲು ಮೇಲಿತ್ತು, ಗುದ್ದಿದ ಗಳಿಗೆಯಲ್ಲಿ ಎಲ್ಲಿತ್ತೆಂದು ನೋಡಲಿಲ್ಲ ಎಂದೆ. ಹವಾಲ್ದಾರನಿಗೆ ಬೇಸರವಾಯಿತು. "ಪಾಹಿಲಂ ಕೀ ನಾಹೀ ಪಾಹಿಲಂ?" ನೋಡಿದೆಯೋ ಇಲ್ಲವೋ, ಒಂದು ಹೇಳು. ಅರ್ಧ ನೋಡಿದೆ ಎಂದೆ. ಪಕ್ಕದಲ್ಲಿದ್ದ ಮಾಸ್ತರರು ಅವನ ಮರಾಠಿಯಲ್ಲೇ, "ಅವರು ಓದಿದವರ್ರಿ, ಹಂಗs ಹೇಳತಾರ. ಮ್ಯಾಲಿದ್ದವು ಅಂತ ಬರಕೋರಿ" ಎಂದರು, ನನ್ನ ಹೇಳಿಕೆ ಒಂದು ಕೆಟ್ಟ ಗೇರ್ ಬದಲಾವಣೆ ಎಂಬಂತೆ.

ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಅದರಿಂದ ಯಾರ ಸಾಕ್ಷಿಯೂ ಬೇಕಾಗಲಿಲ್ಲ. ಸುಜಾತಾಳನ್ನು ಯಾರೂ ಏನೂ ಕೇಳಲಿಲ್ಲ. ಕೆಲವು ತಿಂಗಳ ಸಜೆಯಾಯಿತು, ಲೈಸೆನ್ಸು ರದ್ದಾಯಿತು. ಸಜೆಗೆ ಹೋಗುವ ಮುಂಚೆ ಒಂದು ದಿನ ಅವರು ಭಟ್ಟರ ಹೋಟೆಲಿಗೆ ಬಂದು, ಚಹಾ ಕೂಡ ಬೇಡವೆಂದು, ಸುಜಾತಾಳನ್ನು ಕರೆಸಿದರಂತೆ. ಅವಳು ಗಾಡಿ ಬಿಡಬಾರದು, ಬೇರೆ ಸ್ಕೂಲಿನಲ್ಲಿ ಮುಂದುವರಿಸಬೇಕು ಎಂದು ಗಂಡನ ಎದುರಿಗೇ ಹೇಳಿದರಂತೆ. ಅವಳು ಮುಂದುವರಿಸಿದಳು. ಲೈಸೆನ್ಸು ತೆಗೆದುಕೊಂಡಳು. ನಾನು ಬಿಟ್ಟೆ.

ಅವರು ಇನ್ನೊಂದು ಕೆಲಸ ಮಾಡಿದ್ದರು. ಅದು ನಮಗೆ ಆಗ ಗೊತ್ತಿರಲಿಲ್ಲ. ಸತ್ತವನ ಹೆಂಡತಿಯನ್ನು ಹುಡುಕಿಕೊಂಡು ಹೋಗಿ, ನಾನೇ ಎಂದು ಹೇಳಿ ಬಂದಿದ್ದರು.

ಜೈಲಿನಿಂದ ಬಂದ ಮೇಲೆ ಯಾವ ಸ್ಕೂಲೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಬೇಲಾಪುರದ ಬಸ್ಸಿನಲ್ಲಿ ಹೋಗುವಾಗ ಒಂದು ದಿನ ರಬಾಳೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಅವರನ್ನು ಕಂಡೆ. ಸೆಕ್ಯುರಿಟಿಯವರ ಖಾಕಿ, ಅವರಿಗಿಂತ ದೊಡ್ಡ ಅಳತೆಯದು. ಕಾರುಗಳು ಬಂದಾಗ ಅಡ್ಡಗಂಬ ಎತ್ತುವುದು, ಹೋದ ಮೇಲೆ ಇಳಿಸುವುದು. ಮುಂದಿನ ವಾರ ಅಲ್ಲಿ ಇಳಿದು ಮಾತಾಡಿಸಿದೆ. ಮುಖವನ್ನು ಎದುರಿನಿಂದ ಸರಿಯಾಗಿ ನೋಡಿದ್ದು ಅದೊಂದೇ ಸಲ. ಆದರೂ ಮಚ್ಚೆ ನೋಡಲು ಮರೆತೆ.

"ಹೊಸಾದು ಬಂದೈತಿ ನೋಡಿದ್ರೇನು?" ಎಂದರು. ಅದೇ ಕಂಪನಿಯ ಹೊಸ ಮಾದರಿ, ದುಂಡಗಿನದು, ಆಗ ರಸ್ತೆಯಲ್ಲಿ ಹೆಚ್ಚುತ್ತಿತ್ತು. "ನಮ್ಮ ಮ್ಯಾನೇಜರ್ ಸಾಹೇಬ್ರು ತಂದಾರ. ಒಂದ ಬಟ್ಟಿಲೆ ತಿರಗತೈತಂತ ಸ್ಟೀರಿಂಗ್."

"ನೀವು ಕೂತು ನೋಡಿದಿರಾ?"

"ಗೇಟ್ ಎತ್ತೀನಿ." ಅಡ್ಡಗಂಬದ ಹಗ್ಗ ಸರಿಮಾಡುತ್ತಾ, "ಆ ಸಾಹೇಬ ಎರಡನೇ ಗೇರಿನ್ಯಾಗ ಬರತಾನ್ರಿ ಗೇಟಿನ ತನಕಾ. ಕೇಳಾಕ ಆಗೂದಿಲ್ಲ ನನಗ ಅದರ ಒದ್ದಾಟ."

ನನಗೆ ಲೈಸೆನ್ಸು ಬಂತೇ ಎಂದು ಕೇಳಿದರು. ಬಿಟ್ಟುಬಿಟ್ಟೆ ಎಂದೆ. "ಅದು ಚಲೋ ಮಾಡ್ಲಿಲ್ಲ" ಎಂದರು. ಒಂದು ಕಾರು ಬಂತು. ಅಡ್ಡಗಂಬ ಎತ್ತಲು ಹೋದರು.

ಅವರು ತೀರಿಕೊಂಡದ್ದು ದಶಕದ ಕೊನೆಯಲ್ಲಿ. ಹೊಟ್ಟೆಯ ಕಾಯಿಲೆ, ತಡವಾಗಿ ತೋರಿಸಿದರಂತೆ. ಕಚೇರಿಗೆ ಸುಜಾತಾ ಫೋನು ಮಾಡಿದಳು, ಠಾಣೆಯ ರೈಲು ಸ್ಟೇಷನ್ನಿನ ಹತ್ತಿರ ಬಂದು ನನ್ನನ್ನು ಕಾರಿಗೆ ಹತ್ತಿಸಿಕೊಂಡಳು. ಭಟ್ಟರು ಈಗ ದುಂಡಗಿನ ಹೊಸ ಮಾದರಿ ತಂದಿದ್ದರು. ಮಾಸ್ತರರ ಮನೆ ಸಮುದ್ರದ ಹಿನ್ನೀರಿನ ಖಾಡಿಯ ಆಚೆ, ಕಳವಾ ಎಂಬ ಬಡಾವಣೆಯಲ್ಲಿ, ಚಾಳಿನ ಒಂದು ಕೋಣೆ. ಸೇತುವೆಯ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗ ಅವಳು ನನ್ನ ಕಡೆ ನೋಡದೆ ಹೇಳಿದಳು.

"ಒಂದು ವಿಷಯ ಉಂಟು. ಅವತ್ತು ನಾನು ಬ್ರೇಕ್ ಒತ್ತುವ ಮೊದಲೇ ಪೆಡಲು ಕೆಳಗೆ ಹೋಯಿತು. ನನ್ನ ಕಾಲಿನ ಅಡಿಯಿಂದ ಜಾರಿ ಹೋದ ಹಾಗೆ."

ಎರಡೂ ಕಡೆಯ ಪೆಡಲುಗಳನ್ನು ಜೋಡಿಸಿದ ಸರಳು ನನಗೆ ನೆನಪಾಯಿತು. "ಅಂದರೆ ಅವರು ಒತ್ತಿದ್ದರು?"

"ಹೌದು. ಕಾಲು ಇಳಿಸಿದ್ದರು. ಒತ್ತಿದ್ದರು. ಗಾಡಿ ನಿಂತಿತು ಕೂಡ, ಆದರೆ ಅವ ಅಷ್ಟು ಹತ್ತಿರ ಬಂದಿದ್ದ. ಯಾರು ಒತ್ತಿದರೂ ತಾಗುತ್ತಿತ್ತು."

"ಅವರಿಗೆ ಹೇಳಲಿಲ್ಲವಾ ನೀನು?"

"ಹೋಟೆಲಿಗೆ ಬಂದಿದ್ದರಲ್ಲ, ಅವತ್ತೇ ಹೇಳಿದೆ. ಅದಕ್ಕೆ ಅವರು, ಅದು ನಿಮ್ಮ ಕಾಲು ತಾಯಿ, ಅಂಜಿದಾಗ ತನ್ನ ಕಾಲು ತನಗ ತಿಳಿಯೂದಿಲ್ಲ, ನೀವs ಒತ್ತಿದ್ರಿ, ಟೈಮಿಗೆ ಸರಿಯಾಗಿ ಒತ್ತಿದ್ರಿ ಅಂದರು. ನಾನು ನಂಬಿದೆ. ನಂಬಿದ್ದಕ್ಕೇ ಮತ್ತೆ ಗಾಡಿ ಮುಟ್ಟಲಿಕ್ಕೆ ಆಯಿತು." ಮುಂದಿನ ರಿಕ್ಷಾ ಚಲಿಸಿತು, ಅವಳು ಗೇರು ಹಾಕಿದಳು. "ಈಗ ದಿನಾ ಓಡಿಸ್ತೇನೆ ಅಲ್ವಾ. ನಾನು ಒತ್ತಿದಾಗ ಪೆಡಲು ಹೇಗೆ ಹೋಗ್ತದೆ ಅಂತ ನನ್ನ ಕಾಲಿಗೆ ಗೊತ್ತುಂಟು. ಅವತ್ತಿನದು ಹಾಗಿರಲಿಲ್ಲ. ಅವರ ಹೆಂಡತಿಗಾದರೂ ಹೇಳಬೇಕು. ನಿಮ್ಮ ಗಂಡ ಕಾಲು ಮಡಿಚಿ ಕೂತು ಮನುಷ್ಯನನ್ನು ಕೊಂದವರಲ್ಲ ಅಂತ. ಅದಕ್ಕೇ ಬಂದದ್ದು."

ನಾವು ತಲುಪುವ ಹೊತ್ತಿಗೆ ಅವರನ್ನು ಒಯ್ದಿದ್ದರು. ಕೋಣೆ ತೊಳೆದು ಬಾಗಿಲು ತೆರೆದಿಟ್ಟಿದ್ದರು. ಒಳಗೆ ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ಬಾಗಿಲಿನ ಹೊರಗೆ, ಮೆಟ್ಟಿಲ ಮೇಲೆ, ಬೇರೊಬ್ಬ ಹೆಂಗಸು ಕೂತಿದ್ದಳು. ಕಟ್ಟಡದ ಕೆಲಸದಿಂದ ನೇರ ಬಂದವಳಂತೆ ಸೀರೆಯ ಅಂಚಿಗೆಲ್ಲ ಸಿಮೆಂಟು.

"ಮಾಸ್ತರ ಹಂತ್ಯಾಕ ಗಾಡಿ ಕಲ್ತೋರೇನ್ರಿ?" ಎಂದಳು. ಹೌದೆಂದೆ.

ಪಕ್ಕದ ಮನೆಯ ಅಜ್ಜಿ ನಮಗೆ ಮಾತ್ರ ಕೇಳಲೆಂದು ದನಿ ತಗ್ಗಿಸಿ ಹೇಳಿದಳು: "ಇಕಿ ಗಂಡನs ಆ ಗಾಡಿಗೆ ಸಿಕ್ಕು ಸತ್ತಾಂವ. ಅಮಾಸಿ ಅಮಾಸಿಗೆ ಬಂದು ಬಾಗಲದಾಗ ನಿಂತು ಬೈದು ಹೋಗತಿದ್ಲು. ಮಾಸ್ತರ ತಲಿ ತಗ್ಗಿಸಿ ಕುಂತು ಕೇಳತಿದ್ದ. ಬೈದು ಮುಗದ ಮ್ಯಾಲ ಅವನ ಹೆಂಡತಿ ಚಹಾ ಕೊಡಾಕಿ."

ಅಜ್ಜಿ ತಗ್ಗಿಸಿದ ದನಿ ಅಷ್ಟೇನೂ ತಗ್ಗಿರಲಿಲ್ಲ. ಮೆಟ್ಟಿಲ ಮೇಲಿನವಳು ತಿರುಗಿದಳು. ಕೋಪವಿರಲಿಲ್ಲ.

"ಬೈದೀನಿ, ಖರೇ ಅದ" ಎಂದಳು. "ಅವತ್ತು ಪೊಲೀಸರು, ಲಾರಿಯೋರು ಎಲ್ಲಾರೂ ಬ್ರೇಕ್ ಬ್ರೇಕ್ ಅಂದ್ರು ನಂಗ. ಬ್ರೇಕಿಗಿ ಏನಂತ ಬೈಲಿ? ಅದರ ಮನಿ ಎಲ್ಲಿ ಅದ? ಇವ ಒಬ್ಬ ಬಂದು, ನಾನs ಅವ್ವಾ, ನನ್ನ ಕಾಲು ಜಾಗಾದಾಗ ಇರಲಿಲ್ಲ ಅಂದ. ಮನಿ ತೋರ್ಸಿ ಹೋದ. ಇಷ್ಟು ದೊಡ್ಡ ಊರಾಗ ಬೈಲಾಕ ನಂಗ ಒಬ್ಬ ಮನಷ್ಯಾ ಸಿಕ್ಕ. ಇಲ್ಲಿಗಿ ಬಂದು ಹೋದ ದಿವ್ಸ ರಾತ್ರಿ ನಿದ್ದಿ ಬರ್ತಿತ್ತು."

ಸುಜಾತಾ ಅವಳನ್ನು ದಾಟಿ ಒಳಗೆ ಹೋದಳು. ಮಾಸ್ತರರ ಹೆಂಡತಿಯ ಪಕ್ಕ ಕೂತಳು, ಅವರ ಕೈ ಹಿಡಿದುಕೊಂಡಳು. ಬಾಯಿ ತೆರೆದದ್ದು ನನಗೆ ಕಂಡಿತು. ಬಾಗಿಲು ತೆರೆದೇ ಇತ್ತು. ಮೆಟ್ಟಿಲ ಮೇಲಿನವಳ ಬೆನ್ನು ಅಲ್ಲೇ, ಒಳಗಿನ ಮಾತೆಲ್ಲ ಕೇಳುವಷ್ಟು ಹತ್ತಿರ, ಇತ್ತು. ಸುಜಾತಾ ಬಹಳ ಹೊತ್ತು ಕೂತಿದ್ದು ಎದ್ದು ಬಂದಳು.

"ಹೇಳಿದೆಯಾ?" ಎಂದೆ.

ಅವಳು ತಲೆಯಾಡಿಸಿದಳು, ಇಲ್ಲವೆಂದು.

ಚಾಳಿನ ಆ ಗಲ್ಲಿ ಕಿರಿದು, ಕಾರು ತಿರುಗಿಸಲು ಜಾಗವಿಲ್ಲ. ಹಿಂದಕ್ಕೇ ಹೋಗಬೇಕಿತ್ತು. ಸುಜಾತಾ ಎಂಜಿನ್ ಚಾಲೂ ಮಾಡಿದಾಗ ಮೆಟ್ಟಿಲ ಮೇಲಿನವಳು ಎದ್ದಳು, ಸೆರಗು ಸಿಕ್ಕಿಸಿಕೊಂಡು ಕಾರಿನ ಹಿಂದೆ ಹೋಗಿ ನಿಂತಳು. ಎರಡೂ ಗೋಡೆಗಳನ್ನು ನೋಡುತ್ತಾ, ತಾನೂ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾ, ಕೈ ಬೀಸಿ ಕರೆಯತೊಡಗಿದಳು.

"ಬರ್ರಿ. ಬರ್ರಿ ಅವ್ವಾ, ನಾ ನೋಡ್ತೀನಿ. ಬರ್ರಿ."

ಸುಜಾತಾ ಹಿಂದಿನ ಗಾಜಿನಲ್ಲಿ ಅವಳನ್ನೇ ನೋಡುತ್ತಾ, ಕಾಲನ್ನು ಬ್ರೇಕಿನಿಂದ ಎತ್ತದೆ, ಆ ಗಲ್ಲಿಯ ಉದ್ದಕ್ಕೂ ಕಾರನ್ನು ಹಿಂದಕ್ಕೆ ಬಿಟ್ಟಳು.